ಮರಿಲಿಂಗಪ್ಪ ಕೊಟ್ಟ ಕೈ

ಸುರಪುರದ ಡಯಾಲಿಸಿಸ್ ಕೇಂದ್ರದಲ್ಲಿ ಹಜರಾಬೀ ಏಳು ವರ್ಷ ನರ್ಸಾಗಿ ದುಡಿದಿದ್ದಳು. ನಾಲ್ಕು ಹಾಸಿಗೆ, ದಿನಕ್ಕೆ ಮೂರು ಸರದಿ. ಗುಣವಾಗಿ ಮನೆಗೆ ಹೋಗುವವರು ಅಲ್ಲಿರಲಿಲ್ಲ. ಸೋಮವಾರ ಹೋದವರು ಗುರುವಾರ ಮತ್ತೆ ಬರುತ್ತಿದ್ದರು; ಬರದಿದ್ದರೆ ಯಾಕೆಂದು ಕೇಳುವ ಅಗತ್ಯವಿರುತ್ತಿರಲಿಲ್ಲ. ಮೊದಮೊದಲು ಅವಳು ಅಂಥವರ ಮನೆಗೆ ಹೋಗಿ ಕೂತು ಬರುತ್ತಿದ್ದಳು. ಈಗ ಚಾದರ ಬದಲಿಸಿ ಮುಂದಿನವರನ್ನು ಕರೆಯುತ್ತಿದ್ದಳು. ಹಾಗೆ ಕರೆಯುವುದು ಸಲೀಸಾಗಿಬಿಟ್ಟಿದೆಯಲ್ಲ ಎಂದು ಅವಳಿಗೇ ಹೆದರಿಕೆಯಾಗಿತ್ತು.

ಹುಣಸಗಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೆಲಸ ಸಿಕ್ಕಾಗ ಕೂಡಲೇ ಒಪ್ಪಿದಳು. ಕೇಂದ್ರದ ಡಾಕ್ಟರು ಒಂದೇ ಮಾತು ಹೇಳಿದರು: “ಮಾನಮ್ಮಗ ಸೂಜಿ ಹಾಕೋದು ಕಲಿಸಿ ಹೋಗ್ರಿ.”

ಹೊಸ ನರ್ಸ್ ಮಾನಮ್ಮ ಬಂದು ತಿಂಗಳಾಗಿತ್ತು. ಮಷಿನ್ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು, ಆದರೆ ಡಯಾಲಿಸಿಸ್‌ನ ದಪ್ಪ ಸೂಜಿಯನ್ನು ನರಕ್ಕೆ ಸರಿಯಾಗಿ ಇಳಿಸಲು ಬರುತ್ತಿರಲಿಲ್ಲ. ಇಬ್ಬರಿಗೆ ಚುಚ್ಚಿ ತಪ್ಪಿದ ಮೇಲೆ ಉಳಿದವರೆಲ್ಲ “ಹಜರಾ ಅಕ್ಕನೇ ಹಾಕಲಿ” ಎಂದು ಕೈ ಎಳೆದುಕೊಂಡರು. ಅಷ್ಟರಲ್ಲಿ ಹುಣಸಗಿಯಿಂದ ಫೋನ್ ಬಂತು. ಶನಿವಾರದೊಳಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ.

ರೋಗಿಗಳಲ್ಲೆಲ್ಲ ಜಗಳಗಂಟ ಕಕ್ಕೇರಾದ ಮರಿಲಿಂಗಪ್ಪ. ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದವನು. ಐದು ವರ್ಷದಿಂದ ಹಜರಾಬೀಯನ್ನು ಬಿಟ್ಟು ಬೇರೆ ಯಾರಿಗೂ ಚುಚ್ಚಲು ಕೈ ಕೊಟ್ಟವನಲ್ಲ. ಗುರುವಾರ ಅವಳು ಸೂಜಿ ತಂದಾಗ ಕೇಳಿದ:

“ಬಿಟ್ಟು ಹೊಂಟೀ ಅಂತಲ್ಲ?”

“ಹೋಗಬೇಕಂತ ಮಾಡೀನ್ರಿ ಕಾಕಾ. ಮಾನಮ್ಮಗ ಯಾರೂ ಕೈ ಕೊಡವಲ್ರು, ಹಂಗಾಗಿ ಆಗವಲ್ದು.”

“ಇಲ್ಲಿ ಬ್ಯಾಸರಾತೇನು?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹೌದ್ರಿ. ಭಾಳ ದಣದೀನಿ.”

“ನಾನೂ ದಣದೀನವ್ವಾ. ನನಗ ರಾಜೀನಾಮೆ ಕೊಡಾಕ ಬರಂಗಿಲ್ಲ, ಅಷ್ಟ,” ಎಂದು ಮಾನಮ್ಮನ ಕಡೆಗೆ ತಿರುಗಿ ಎಡಗೈ ಚಾಚಿದ. “ಬಾ ತಂಗಿ, ನೀ ಹಾಕು.”

ಮೊದಲ ಸಲ ತಪ್ಪಿತು. ಎರಡನೆಯ ಸಲ ಚರ್ಮದಡಿ ರಕ್ತ ಸೋರಿ ಕೈ ಊದಿತು. ಹಜರಾಬೀ ಗಾಯ ಒತ್ತಿ ಹಿಡಿದು, “ಸಾಕು ಕಾಕಾ, ನಾ ಹಾಕ್ತೀನಿ” ಎಂದಳು.

“ನೀ ಹಿಂದ ಸರಿ,” ಎಂದ ಅವನು. ಮಾನಮ್ಮನ ಕಣ್ಣು ತುಂಬಿತ್ತು. “ಅವಸರ ಮಾಡಬ್ಯಾಡ ತಂಗಿ. ನಾಕ ತಾಸು ಹೆಂಗೂ ಇಲ್ಲೇ ಬಿದ್ದಿರಾಂವ ನಾ.”

ಮಾನಮ್ಮ ಕಣ್ಣೊರೆಸಿಕೊಂಡು, ಊತಕ್ಕಿಂತ ಮೇಲೆ ಬೆರಳಿಟ್ಟು ನರ ಹುಡುಕಿದಳು. ಈ ಸಲ ನಳಿಗೆಯಲ್ಲಿ ರಕ್ತ ಸರಾಗವಾಗಿ ಏರಿತು.

ಹೋಗಬೇಡ ಎಂದು ಅವನು ಕೇಳಿಯಾನೆಂದು ಹಜರಾಬೀ ಉತ್ತರ ಕೂಡಿಸಿಟ್ಟುಕೊಂಡಿದ್ದಳು. ಅವನು ಅದನ್ನು ಕೇಳದೆ ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡ. ಅವಳಿಗೆ ಹಗುರವೂ ಆಯಿತು, ಎಲ್ಲೋ ನೋವೂ ಆಯಿತು. ಮಧ್ಯಾಹ್ನ ಇನ್ನಿಬ್ಬರು ರೋಗಿಗಳು ತಾವಾಗಿಯೇ ಮಾನಮ್ಮನಿಗೆ ಕೈ ಕೊಟ್ಟರು.

ಶನಿವಾರ ಬೆಳಿಗ್ಗೆ ಹಜರಾಬೀ ಬ್ಯಾಗು ಹಿಡಿದು ಬಸ್ಸು ಹತ್ತಿದಳು. ಹೊಸ ಕೆಲಸದ ಬಗ್ಗೆ ಯೋಚಿಸಬೇಕೆಂದುಕೊಂಡು ಕಿಟಕಿಗೆ ತಲೆಯಾನಿಸಿದಳು. ಊರು ದಾಟುವ ಮೊದಲೇ ನಿದ್ದೆ ಬಂತು. ಅದೆಷ್ಟು ಗಾಢ ನಿದ್ದೆಯೆಂದರೆ ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು:

“ಏಳ್ರಿ ಅಕ್ಕಾರ, ಹುಣಸಗಿ ಬಂತು.”