ಸಿಗ್ನಲ್ ಕಂಬದಿಂದ ಐವತ್ತು ಮೀಟರ್

"ಮುಖ ಹಿಡಿಸಲಿಲ್ಲ ಅಂತ ಬೋರ್ಡ್ ತೆಗೆಯೋಕಾಗಲ್ಲಮ್ಮ," ಎಂದರು ನಗರಸಭೆಯ ಜಾಹೀರಾತು ವಿಭಾಗದ ಗುಮಾಸ್ತರು, ಕನ್ನಡಕವನ್ನು ಹಣೆಗೇರಿಸಿ.

"ಮುಖ ಚೆನ್ನಾಗೇ ಇದೆ ಸಾರ್. ಅದು ನನ್ನದು, ಅದೇ ತೊಂದರೆ."

ಗುಮಾಸ್ತರು ಅವಳನ್ನೊಮ್ಮೆ, ಅವಳ ಫೋನಿನಲ್ಲಿದ್ದ ಚಿತ್ರವನ್ನೊಮ್ಮೆ ನೋಡಿದರು. ನಾಲ್ಕು ರಸ್ತೆ ಕೂಡುವಲ್ಲಿ ಎರಡಂತಸ್ತಿನ ಮನೆಯೆತ್ತರದ ಫಲಕ. ಅದರಲ್ಲಿ ಎರಡು ಜಡೆಯ, ಬಿಳಿ ಕಾಲರಿನ ಹುಡುಗಿಯೊಬ್ಬಳು ಹಲ್ಲುಬಿಟ್ಟು ನಗುತ್ತಿದ್ದಳು. ಕೆಳಗೆ ಕೋಚಿಂಗ್ ಸೆಂಟರಿನ ಹೆಸರು, ಪಕ್ಕದಲ್ಲಿ ಕೆಂಪಕ್ಷರ: 'ಮೊದಲ ರ‍್ಯಾಂಕ್. ನಾಳೆ ನೀವೂ ಇವಳಂತೆ!'

"ಎಲ್ಲರೂ ಮುಖ ಹಾಕಿಸೋಕೆ ಪರ್ಮಿಷನ್ ಕೇಳ್ಕೊಂಡು ಬರ್ತಾರೆ. ತೆಗೆಸೋಕೆ ಬಂದೋರು ನೀವೇ ಮೊದಲು. ಇದರಲ್ಲೂ ಫಸ್ಟ್ ರ‍್ಯಾಂಕೇ ಬಿಡಿ," ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅವಳು ನಗಲಿಲ್ಲ. ಈ ಜಾತಿಯ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು. ರ‍್ಯಾಂಕ್ ಬಂದದ್ದು ನಿಜ, ಮೆಡಿಕಲ್ ಕಾಲೇಜು ಸೇರಿದ್ದೂ ನಿಜ. ಎರಡನೆಯ ವರ್ಷ ನಿದ್ದೆ ಬಿಟ್ಟು, ಊಟ ಬಿಟ್ಟು, ಕೊನೆಗೆ ಕಾಲೇಜನ್ನೇ ಬಿಟ್ಟು ಬಂದಿದ್ದಳು. ಅದನ್ನು ಯಾರೂ ಫಲಕದ ಮೇಲೆ ಬರೆಸಿರಲಿಲ್ಲ. ಈಗ ಆ ಫಲಕದ ಹಿಂದಿನ ಬೀದಿಯಲ್ಲೇ ಅವಳದೊಂದು ಪುಟ್ಟ ಅಂಗಡಿ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಕೈಹಿಡಿದ ಕೆಲಸ, ಮನಸ್ಸಿಗೂ ಒಗ್ಗಿದ ಕೆಲಸ. ಗಿರಾಕಿಗಳು ಅವಳನ್ನು ಮೋಟಾರಕ್ಕ ಎನ್ನುತ್ತಾರೆ. ಆದರೆ ಪಂಪು ಹೊತ್ತು ತಂದವರಲ್ಲಿ ಯಾರಾದರೊಬ್ಬರು, "ಅಲ್ಲಿ ಮೇಲಿರೋದು ನೀವೇ ಅಲ್ವಾ? ಮತ್ತೆ ಇಲ್ಲೇನ್ ಮಾಡ್ತಿದ್ದೀರಿ?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಅದನ್ನೆಲ್ಲ ನುಂಗಿಕೊಂಡೇ ಬಂದಿದ್ದಳು. ಮೊನ್ನೆ ಮಾತ್ರ ಆಗಲಿಲ್ಲ. ಒಬ್ಬ ತಾಯಿ ಮಗಳನ್ನು ಫಲಕದ ಕೆಳಗೆ ನಿಲ್ಲಿಸಿಕೊಂಡು, "ನೋಡು, ಆ ಅಕ್ಕ ನಿನ್ನ ಹಾಗೆ ಅಳ್ತಾ ಕೂತಿದ್ಲಾ?" ಎಂದು ಗದರುತ್ತಿದ್ದಳು. ಆ ಅಕ್ಕ ಅತ್ತದ್ದು ಅಷ್ಟಿಷ್ಟಲ್ಲ. ಹುಡುಗಿಯ ಕಣ್ಣಿನ ಕೆಳಗೆ ಕಪ್ಪುಗಟ್ಟಿದ್ದು ನೋಡಿ ಮೋಟಾರಕ್ಕ ಆವತ್ತು ಅಂಗಡಿ ತೆರೆಯಲಿಲ್ಲ. ನೇರ ಕೋಚಿಂಗ್ ಸೆಂಟರಿಗೆ ಹೋಗಿ ಕೇಳಿದಳು. "ಫೋಟೋ ಕೊಟ್ಟಿದ್ದು ನಿಮ್ಮ ತಂದೆಯವರೇ" ಎಂದು ಅವರು ಕೈತೊಳೆದುಕೊಂಡರು. ವರ್ಷ ವರ್ಷ ಹೊಸದಾಗಿ ಅಚ್ಚು ಹಾಕಿಸಿ ಏರಿಸುತ್ತಿದ್ದುದರಿಂದ ಫಲಕದ ಹುಡುಗಿಗೆ ಮಾತ್ರ ವಯಸ್ಸೇ ಆಗುತ್ತಿರಲಿಲ್ಲ.

"ನಮ್ಮ ನಿಯಮದಲ್ಲಿ ಎತ್ತರ ಇದೆ, ಅಗಲ ಇದೆ, ಲೈಟ್ ಎಷ್ಟಿರಬೇಕು ಅನ್ನೋದಿದೆ. ನಿಜ ಸುಳ್ಳು ಇಲ್ಲ," ಎಂದ ಗುಮಾಸ್ತರು, ಅವಳು ಕದಲದೆ ನಿಂತದ್ದು ಕಂಡು ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಸಿಗ್ನಲ್ ಕಂಬದಿಂದ ಐವತ್ತು ಮೀಟರ್ ಒಳಗೆ ಬೋರ್ಡ್ ಇರಬಾರದು. ಅಳತೆ ಮಾಡಿ, ಫೋಟೋ ಸಮೇತ ಬರೆದುಕೊಡಿ. ಒಳಗಿದ್ರೆ ಇಳಿಸಲೇಬೇಕು, ಯಾರದ್ದೇ ಆಗಿರಲಿ. ಹೊರಗಿದ್ರೆ ಮತ್ತೆ ನನ್ನ ಜೀವ ತಿನ್ನಬಾರದು."

ಸಂಜೆ ಅವಳು ವಿಷಯ ಹೇಳಿದಾಗ ಅಪ್ಪ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ಅವರು ದರ್ಜಿ. ದಿನಾ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ನಿಲ್ಲುತ್ತಿದ್ದುದು ಆ ಫಲಕದೆದುರು. ಮಗಳ ಅಂಗಡಿಗೆ ಮಾತ್ರ ಒಂದು ದಿನವೂ ಕಾಲಿಟ್ಟವರಲ್ಲ.

"ಆ ಬೋರ್ಡ್ ನಿನಗೇನು ಮಾಡ್ತು?"

"ಅದು ನಾನಲ್ಲಪ್ಪ."

"ನೀನಲ್ದೆ ಇನ್ಯಾರು? ಆ ಕಾಲರ್ ನಾನು ಹೊಲಿದಿದ್ದು. ರಸ್ತೆ ಆಚೆಯಿಂದ್ಲೂ ನನ್ನ ಹೊಲಿಗೆ ನನಗೆ ಗೊತ್ತಾಗುತ್ತೆ."

"ಕಾಲರ್ ನಿಮ್ಮದೇ. ಅದನ್ನ ಹಾಕ್ಕೊಂಡಿದ್ದೋಳು ಈಗಿಲ್ಲ. ಇಲ್ಲದೇ ಇರೋಳನ್ನ ತೋರಿಸಿ ಇನ್ಯಾರದೋ ಮಗಳನ್ನ ಅಳಿಸ್ತಿದ್ದಾರೆ. ಭಾನುವಾರ ಬೆಳಿಗ್ಗೆ ಅಳೀತೀನಿ. ನೀವು ಬೇಡ ಅಂದ್ರೂ ಅಳೀತೀನಿ."

ಅಪ್ಪ ಬಟ್ಟೆಯತ್ತ ಬಗ್ಗಿದರು. ಮಿಷನ್ ಮತ್ತೆ ಓಡತೊಡಗಿತು. ಅವರಿಗೆ ನೋವಾಗಿದೆಯೆಂದು ಅವಳಿಗೆ ಗೊತ್ತಿತ್ತು. ಅವಳಿಗೂ ಆಗಿತ್ತು. ಆದರೂ ಹಿಂದೆ ಸರಿಯುವ ಮಾತೇ ಇರಲಿಲ್ಲ.

ಭಾನುವಾರ, ವಾಹನಗಳ ಕಾಟ ಶುರುವಾಗುವ ಮುಂಚೆ, ಪರಿಚಯದ ಮೇಸ್ತ್ರಿಯಿಂದ ತಂದ ಉದ್ದನೆಯ ಟೇಪು ಹಿಡಿದು ಹೊರಟಳು. ತುದಿಯನ್ನು ತಂತಿಯಿಂದ ಸಿಗ್ನಲ್ ಕಂಬಕ್ಕೆ ಕಟ್ಟಿ, ಬಿಚ್ಚುತ್ತ ಬಿಚ್ಚುತ್ತ ಫಲಕದ ಬುಡಕ್ಕೆ ಬಂದು ಎಳೆದಳು. ತುದಿ ಕಳಚಿಕೊಂಡಿತು. ಮತ್ತೆ ಹೋಗಿ ಕಲ್ಲು ಹೇರಿ ಬಂದಳು. ಪೇಪರ್ ವ್ಯಾನೊಂದು ಬಂದು ಟೇಪನ್ನು ತನ್ನೊಂದಿಗೇ ಒಂದಿಷ್ಟು ದೂರ ಎಳೆದುಕೊಂಡು ಹೋಯಿತು. ಅವಳು ಬೈದುಕೊಂಡೇ ಮೂರನೆಯ ಸಲ ಬಿಚ್ಚಿಕೊಂಡು ಬಂದು ತಿರುಗಿ ನೋಡಿದರೆ, ಸಿಗ್ನಲ್ ಕಂಬದ ಬಳಿ ಅಪ್ಪ ನಿಂತಿದ್ದರು.

ತಡೆಯಲು ಬಂದಿದ್ದಾರೆ ಎಂದುಕೊಂಡಳು. ಏನು ಬೇಕಾದರೂ ಹೇಳಲಿ, ಅಳೆದೇ ಹೋಗುವುದು ಎಂದು ಹಲ್ಲು ಕಚ್ಚಿ ನಿಂತಳು. ಅಪ್ಪ ಕತ್ತೆತ್ತಿ ಫಲಕವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಬಗ್ಗಿ, ಕಲ್ಲು ಪಕ್ಕಕ್ಕೆ ತಳ್ಳಿ, ಟೇಪಿನ ತುದಿಯನ್ನು ಎತ್ತಿಕೊಂಡು, ಅಂಗಿಯಂಚಿಗೆ ಒರೆಸಿ ಕಂಬಕ್ಕೆ ಒತ್ತಿ ಹಿಡಿದರು.

ಅವಳು ಅಂಕಿ ನೋಡಿದಳು. ಐವತ್ತರ ಮೇಲೆ ಒಂದು ಗೇಣು. ಒಂದೇ ಒಂದು ಗೇಣು.

"ಎಷ್ಟು ಬಂತು?" ಅಪ್ಪ ಅಲ್ಲಿಂದಲೇ ಕೂಗಿದರು.

"ಹೊರಗಿದೆಯಪ್ಪ. ಒಂದು ಗೇಣು."

"ಟೇಪು ನೋಡು, ಗಾಳಿಗೆ ಹೊಟ್ಟೆ ಬಿಟ್ಕೊಂಡಿದೆ. ಸಡಿಲ ಇದ್ರೆ ಜಾಸ್ತಿ ತೋರಿಸುತ್ತೆ. ಎಳಿ, ನಾನು ಹಿಡ್ಕೊಂಡಿದ್ದೀನಿ."

ಅವಳು ಎರಡೂ ಕೈಯಿಂದ ಎಳೆದಳು. ಆ ಕಡೆ ಅಪ್ಪ ಕಾಲನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ನಿಂತರು. ರಸ್ತೆಯ ಮೇಲೆ ಬಾಗಿ ಮಲಗಿದ್ದ ಟೇಪು ಎದ್ದು ನೆಟ್ಟಗಾಯಿತು. ಐವತ್ತರ ಗೆರೆ ಮೆಲ್ಲಗೆ ಅವಳತ್ತ ಸರಿದು ಫಲಕದ ಕಂಬವನ್ನು ದಾಟಿತು. ಫಲಕ ಈಗ ಐವತ್ತರ ಒಳಗಿತ್ತು.

"ಫೋಟೋ ತಗೋ," ಎಂದ ಅಪ್ಪ, ತುದಿ ಬಿಡದೆ ಅವಳನ್ನೇ ನೋಡುತ್ತ ನಿಂತರು.