ಎರಡನೆಯ ಸಲದ ತಬಲಾ

ವಾಚಕ ಮಹಾಶಯರೇ, ಬಾಗಿಲು ಮುಚ್ಚಿಕೊಳ್ಳುತ್ತಿದೆ. ತಾವು ದಯಮಾಡಿ ಒಳಗೇ ಉಳಿಯಬೇಕೆಂದು ವಿನಂತಿ. ಹೊರಗುಳಿದವರು ಕಿವಿಯೊಂದನ್ನೇ ನೆಚ್ಚಬೇಕಾಗುತ್ತದೆ.

ಚಿತ್ತಾಕುಲದ ಭಜನಾ ಮಂದಿರದ ಒಳಕೋಣೆಯಲ್ಲಿ ಇಬ್ಬರೇ ಇದ್ದರು: ತಬಲಾದ ದೇವಿದಾಸ, ಹಾಡುವ ವೈಜಯಂತಿಬಾಯಿ. ನಡುವೆ, ಗೋವೆಯಿಂದ ತರಿಸಿದ ತಬಲಾ ಪೆಟ್ಟಿಗೆ. ಗುಂಡಿ ಒತ್ತಿದರೆ ತಾನಾಗಿ ತಾಳ ನುಡಿಸುವ ಯಂತ್ರ. ಆ ಮಳೆಗಾಲದಲ್ಲಿ ದೇವಿದಾಸ ಬರುವ ಅಂಕೋಲೆಯ ಬಸ್ಸು ಎರಡು ಸಲ ದಾರಿಯ ಅಮದಳ್ಳಿಯಲ್ಲಿ ಕೆಟ್ಟು ನಿಂತು, ಅವನು ತಲುಪುವಷ್ಟರಲ್ಲಿ ಏಕಾದಶಿಯ ಭಜನೆ ಮುಗಿದುಹೋಗಿತ್ತು. ಪೆಟ್ಟಿಗೆ ಬಂದದ್ದು ಅದಕ್ಕೇ. ಮಂಡಳಿಯ ಪಾಂಡು ಕೊನೆಗೊಂದು ಉಪಾಯ ಹೇಳಿದ್ದ: ಬಾಗಿಲು ಮುಚ್ಚಿ ಒಂದೇ ಅಭಂಗವನ್ನು ಎರಡು ಸಲ ಹಾಡಲಿ, ಒಮ್ಮೆ ಮನುಷ್ಯನೊಡನೆ, ಒಮ್ಮೆ ಪೆಟ್ಟಿಗೆಯೊಡನೆ. ಯಾವುದು ಮೊದಲೆಂದು ತಿಳಿಯದೆ ಹೊರಗೆ ಜಗಲಿಯಲ್ಲಿ ಕೂತು ಕೇಳಿದವರು ಮೆಚ್ಚಿದ್ದು ಉಳಿಯಲಿ.

ಇಪ್ಪತ್ತೆರಡು ವರ್ಷ ಕುಳಿತ ಜಾಗ. ಮೊದಲ ಸರದಿ ದೇವಿದಾಸನದು. ತಾಳದ ಒಂದು ಮಾತ್ರೆಯೂ ತಪ್ಪಬಾರದೆಂದು ಅವನು ಕೈಗಳನ್ನೇ ನೋಡುತ್ತ ನುಡಿಸಿದ. ತಪ್ಪಲಿಲ್ಲ. ವೈಜಯಂತಿಬಾಯಿಯವರ ದನಿ ಎಲ್ಲೋ ದೂರದಲ್ಲಿ, ಅಳಿವೆಯಾಚೆಯ ದೋಣಿಯಿಂದ ಬಂದಂತೆ ಕೇಳಿಸಿತು.

ಆಮೇಲೆ ಪೆಟ್ಟಿಗೆಯ ಸರದಿ. ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟು ಅವನು ಮೊದಲ ಬಾರಿಗೆ ಆಕೆಯನ್ನು ಬರೀ ಕೇಳಿದ. ಬೆಳಕಿಂಡಿಯಿಂದ ಕಾಳಿ ನದಿಯ ಸಂಜೆಬೆಳಕು ಗೋಡೆಯ ಮೇಲೆ ಅಲುಗುತ್ತಿತ್ತು. ಯಂತ್ರ ಯಾರಿಗೂ ಕಾಯಲಿಲ್ಲ. ಆಕೆಯೇ ಸಾಲಿನ ತುದಿಯನ್ನು ಮೊಟಕುಗೊಳಿಸಿ, ಅರ್ಧ ಉಸಿರು ನುಂಗಿ, ಪ್ರತಿ ಸಲವೂ ಓಡಿಬಂದು ತಾಳದೊಳಗೆ ಸೇರಿಕೊಳ್ಳುತ್ತಿದ್ದರು. ಕುತ್ತಿಗೆಯ ನರ ಉಬ್ಬಿತ್ತು. ದನಿಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

ಹಾಡು ನಿಂತಿತು. ಜಗಲಿಯಲ್ಲಿ ಪಾಂಡುವಿನ ದನಿ ಎದ್ದಿತು. "ಮೊದ್ಲಿಂದು ಪೆಟ್ಟಿಗೆ ಮಾರಾಯ್ರೆ. ಕೊಂಕಣ ರೈಲು ಹೋದಾಂಗೆ ಹೋಯ್ತು. ಹತ್ತೋರು ಹತ್ಲಿ, ಬಿಡೋರು ಬಿಡ್ಲಿ."

"ಎರಡ್ನೇದೇ ನಮ್ಮ ದೇವಿದಾಸ," ಎಂದಳು ಮುದುಕಿ ಹೊನ್ನು. "ಬಾಯೋರು ಉಸ್ರು ತಗೊಳ್ಳೂ ಜಾಗದಲ್ಲಿ ಅಂವ ಕಾಯ್ತಾ ಇದ್ದ. ಪೆಟ್ಟಿಗೆಗೆ ಅದೆಲ್ಲ ಎಲ್ಲಿ ತಿಳೂದು?"

"ಹಂಗಾರೆ ಎರಡ್ನೇದೇ ಇರ್ಲಿ. ಪೆಟ್ಟಿಗೆ ವಾಪಸ್," ಎಂದ ಪಾಂಡು.

ಒಳಗೆ ವೈಜಯಂತಿಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ದೇವಿದಾಸ ಸುಮ್ಮನಿದ್ದರೆ ಸಾಕಿತ್ತು, ಅವನ ಜಾಗ ಉಳಿಯುತ್ತಿತ್ತು. ಅವನು ಎದ್ದು ಬಾಗಿಲು ತೆರೆದ.

"ಎರಡ್ನೇದು ಪೆಟ್ಟಿಗೆ," ಎಂದ. "ನಾನು ಮೊದ್ಲಿಂದು."

ಜಗಲಿಯಲ್ಲಿ ಎಲ್ಲರೂ ನಕ್ಕರು.

"ಮಾಮ ಈ ವಯಸ್ಸಲ್ಲೂ ಚೇಷ್ಟೆ ಬಿಡೂದಿಲ್ಲ ನೋಡಿ," ಎಂದ ಪಾಂಡು. "ಇಪ್ಪತ್ತೆರಡು ವರ್ಷ ಕೇಳಿದ ಕೈ ನಮ್ಗೆ ಗೊತ್ತಾಗೂದಿಲ್ವಾ?" ಹೊನ್ನು ಅಂತೂ ಅವನತ್ತ ನೋಡಲೂ ಇಲ್ಲ, ಕವಳದ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಅವನು ಇನ್ನೊಮ್ಮೆ ಹೇಳಿದ. ಅವರು ಇನ್ನಷ್ಟು ನಕ್ಕರು.

ದೇವಿದಾಸ ಒಳಗೆ ಬಂದು ತಬಲಾಕ್ಕೆ ಮೆತ್ತಿದ ಪೌಡರು ಕೊಡವಿ, ಒಂದೊಂದನ್ನೇ ಚೀಲಕ್ಕೆ ಇಳಿಸಿ ದಾರ ಬಿಗಿದ. ವೈಜಯಂತಿಬಾಯಿ ಬಾಗಿಲಲ್ಲಿ ನಿಂತಿದ್ದರು.

"ಏಕಾದಶಿಗೆ ಮುಂಚಿನ ಬಸ್ಸಿಗೇ ಬನ್ನಿ," ಎಂದರು. ದಾರಿ ಬಿಟ್ಟು ಸರಿಯುತ್ತ, "ಮತ್ತೆ... ನುಡ್ಸೂವಾಗ ಕೈ ನೋಡ್ಬೇಡಿ ದೇವಿದಾಸರೇ," ಎಂದರು.

ಅವನು ತಲೆಯಾಡಿಸಿ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ. ಕಾಳಿ ಸೇತುವೆಯ ಮೇಲೆ ಗಾಳಿಯಿತ್ತು. ಕೆಳಗೆ ಹೊಳೆಯೂ ಸಮುದ್ರವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ನಡೆಯುತ್ತ ನಡೆಯುತ್ತ ಅವನ ಬೆರಳು ಚೀಲದ ಬಟ್ಟೆಯ ಮೇಲೆ ಅದೇ ಅಭಂಗದ ತಾಳ ಹಿಡಿದವು. ಸಾಲಿನ ತುದಿಗೆ ಬಂದಾಗ ಬೆರಳು ನಿಂತವು, ಹೆಜ್ಜೆಯೂ ನಿಂತಿತು. ಒಬ್ಬರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಬಿಟ್ಟು, ಅವನು ಮತ್ತೆ ನಡೆದ.