ನನಗೂ ಒಪ್ಪಿಗೆ

ನಮ್ಮ ಯಜಮಾನರ ಒಂದೇ ಒಂದು ತೀರ್ಪನ್ನೂ ಇವತ್ತಿನವರೆಗೆ ಮೇಲಿನ ಕೋರ್ಟಿನವರು ತಿದ್ದಿಲ್ಲ. ಲಂಡನ್ನಿನ ಕಾನೂನು ಮಂದಿಯ ಪ್ರತಿ ಔತಣದಲ್ಲೂ ಯಾರಾದರೊಬ್ಬರು ಗ್ಲಾಸು ಹಿಡಿದು ಎದ್ದು ನಿಂತು ಈ ಮಾತು ಹೇಳುತ್ತಾರೆ, ಉಳಿದವರು ಮೇಜು ಕುಟ್ಟುತ್ತಾರೆ. ತಿದ್ದುವುದಕ್ಕೆ ಅಲ್ಲಿ ಏನಾದರೂ ಇರಬೇಕಲ್ಲ ಸ್ವಾಮಿ!

ಆಬ್ರಿ ಪೆನ್‌ಹ್ಯಾಲೋ ಅವರನ್ನು ನಾನು ಮದುವೆಯಾದಾಗ ಅವರಿನ್ನೂ ಎಳೆಯ ಬ್ಯಾರಿಸ್ಟರು. ಹಿರಿಯರ ಹಿಂದೆ ಚೀಲ ಹೊತ್ತುಕೊಂಡು ನಡೆಯುವುದು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಅಷ್ಟು ಚೆಂದವಾಗಿ ತಲೆಯಾಡಿಸುವವರು ಇಡೀ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಹಿರಿಯ ವಕೀಲರ ಪದವಿಗೆ, ಅದರ ರೇಷ್ಮೆ ನಿಲುವಂಗಿಗೆ ಇಬ್ಬರು ಘಟಾನುಘಟಿಗಳು ಕಚ್ಚಾಡಿದರು. ಯಾರ ಕಣ್ಣಿಗೂ ಬೀಳದ ನಮ್ಮವರ ಹೆಗಲಿಗೆ ಅದು ಬಂದು ಬಿತ್ತು. ಆಮೇಲೆ ಹೈಕೋರ್ಟು. ಅಲ್ಲಿ ನ್ಯಾಯಾಧೀಶರು ಒಬ್ಬರೇ ಕೂರಬೇಕು, ಒಬ್ಬರೇ ತೀರ್ಮಾನಿಸಬೇಕು. ಇವರ ಗತಿ ಏನಪ್ಪಾ ಎಂದು ನಾನು ಹೆದರಿದ್ದೆ. ಇವರು ಎರಡೂ ಕಡೆಯವರನ್ನು ಕಾರಿಡಾರಿಗೆ ಅಟ್ಟಿ, 'ಮಾತಾಡಿಕೊಂಡು ಬನ್ನಿ' ಎಂದು ಸುಮ್ಮನೆ ಕೂತುಬಿಡುತ್ತಿದ್ದರು. ಕಾದು ಕಾದು ಸುಸ್ತಾದವರು ಕೊನೆಗೆ ಹೇಗೋ ಕೈಕುಲುಕಿಕೊಂಡು ಮನೆಗೆ ಹೋಗುತ್ತಿದ್ದರು. ರಾಜಿ ಮಾಡಿಸುವುದರಲ್ಲಿ ಎತ್ತಿದ ಕೈ ಎಂಬ ಹೆಸರು ಬಂತು. ಹೈಕೋರ್ಟಿನ ಜೊತೆಗೇ 'ಸರ್' ಪದವಿಯೂ ಬರುತ್ತದೆ. ಅರಮನೆಯಲ್ಲಿ ಮೊಣಕಾಲೂರಿದವರು, ಯಾರಾದರೂ ಏಳಿ ಎನ್ನಲಿ ಎಂದು ಅಲ್ಲೇ ಕಾದಿದ್ದರು.

ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಸಿಕ್ಕಿದ ಮೇಲಂತೂ ಹಬ್ಬವೋ ಹಬ್ಬ. ಅಲ್ಲಿ ಪೀಠದಲ್ಲಿ ಮೂವರು. ಒಬ್ಬರು ಕಷ್ಟಪಟ್ಟು ತೀರ್ಪು ಬರೆಯುತ್ತಾರೆ, ಉಳಿದವರು ಅದರ ಕೆಳಗೆ 'ನನಗೂ ಒಪ್ಪಿಗೆ' ಎಂದು ಸೇರಿಸಿದರೆ ಮುಗಿಯಿತು. ನಮ್ಮವರು ಹುಟ್ಟಿದ್ದೇ ಆ ಎರಡು ಪದ ಬರೆಯುವುದಕ್ಕೆ.

ಉಳಿದದ್ದು ಸುಪ್ರೀಂ ಕೋರ್ಟು ಒಂದೇ. ಹಿಂದಿನ ಕಾಲದಲ್ಲಿ ಯಾರೋ ದೊಡ್ಡವರು ಹೆಗಲು ತಟ್ಟಿದರೆ ಸಾಕಿತ್ತು. ಈಗ ಅರ್ಜಿ ತುಂಬಬೇಕು. ಒಂದು ದಿನ ಬೆಳಿಗ್ಗೆ ಅರ್ಜಿ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ವಿನಿ, 'ನೀವೊಬ್ಬರೇ ಕೈಗೊಂಡ ಒಂದು ಕಠಿಣ ನಿರ್ಧಾರದ ಉದಾಹರಣೆ ಕೊಡಿ' ಅಂತ ಕೇಳಿದಾರೆ. ಏನು ಬರೀಲಿ?"

"ನಾಯಿಗೆ ಹೆಸರಿಟ್ಟಿದ್ದು ಬರೀರಿ."

"ಅದನ್ನೂ ನೀನೇ ಅಲ್ವೇನೇ ಇಟ್ಟಿದ್ದು?"

ಮುಖ ಸಪ್ಪಗಾಯಿತು. ಆ ಜಾಗ ಖಾಲಿಯೇ ಉಳಿಯಿತು.

ಬೆರಿಲ್ ಟ್ಯಾಪ್ಸೆಲ್‌ಳ ಮೊಕದ್ದಮೆ ಬಂದದ್ದು ಆಗಲೇ. ಬೆರಿಲ್ ಕಾಲುವೆಯ ದೋಣಿಮನೆಯಲ್ಲಿ ವಾಸವಿದ್ದ ವಿಧವೆ. ಗಂಡನ ಜೊತೆ ಸಂಸಾರ ಹೂಡಿದ ದಿನದಿಂದ ದೋಣಿ ಒಂದೇ ಕಡೆ ಕಟ್ಟಿಕೊಂಡು ನಿಂತಿತ್ತು. ದಡವನ್ನು ಕೊಂಡ ಕಂಪನಿಗೆ ಅಲ್ಲಿ ದುಬಾರಿ ಫ್ಲ್ಯಾಟು ಕಟ್ಟಿಸಬೇಕು. ಎತ್ತು ದೋಣಿ ಎಂದಿತು. ಎತ್ತುವುದೆಲ್ಲಿಂದ? ತಳವೆಲ್ಲ ತುಕ್ಕು ತಿಂದು, ಅಲುಗಾಡಿಸಿದರೆ ಮುಳುಗುವ ಸ್ಥಿತಿ. ಕೆಳಗಿನ ಕೋರ್ಟಿನಲ್ಲಿ ಬೆರಿಲ್ ಗೆದ್ದಳು. ಕಂಪನಿ ಮೇಲ್ಮನವಿ ಹಾಕಿತು.

ಇವರೊಂದಿಗೆ ಊಟಕ್ಕೆಂದು ನಾನು ಆಗಾಗ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅವತ್ತು ಪಕ್ಕದಲ್ಲಿ ಬೆರಿಲ್ ಕೂತಿದ್ದಳು. ಪೀಠದ ನಡುವೆ ಅಧ್ಯಕ್ಷರು ಸರ್ ಜಾಸ್ಪರ್ ಕ್ರೋಮ್. ಸುಪ್ರೀಂ ಕೋರ್ಟಿಗೆ ಯಾರು ತಕ್ಕವರು ಎಂದು ಆಯ್ಕೆ ಮಾಡುವವರು ಅಭಿಪ್ರಾಯ ಕೇಳುವುದು ಈ ಅಧ್ಯಕ್ಷರನ್ನೇ. ಬಲಗಡೆ ಡೇಮ್ ಐಲೀನ್ ಓಕ್‌ಷಾಟ್ (ಹೆಂಗಸರಿಗೆ 'ಸರ್' ಬದಲು 'ಡೇಮ್'), ಎಡಗಡೆ ನಮ್ಮವರು. ಮಧ್ಯಾಹ್ನ ಕಾರಿಡಾರಿನಲ್ಲಿ ಬೆರಿಲ್ ಫ್ಲಾಸ್ಕಿನಿಂದ ನನಗೂ ಟೀ ಬಗ್ಗಿಸಿ, ಮೊಟ್ಟೆಯ ಸ್ಯಾಂಡ್‌ವಿಚ್ ಮುಂದೆ ಹಿಡಿದಳು.

"ಆ ಎಡಗಡೆಯವರು ನಿದ್ದೆ ಮಾಡ್ತಿದಾರೇನಮ್ಮ?"

"ಇಲ್ಲ, ಯೋಚನೆ ಮಾಡ್ತಿದಾರೆ."

"ಕಣ್ಣು ಮುಚ್ಚಿಕೊಂಡಾ?"

"ತೆಗೆದಿದ್ರೂ ಅಷ್ಟೇ ಬಿಡಿ."

ಅವಳು ನಕ್ಕ ನಗುವಿಗೆ ಟೀ ಕೋಟಿನ ಮೇಲೆ ಚೆಲ್ಲಿತು. ಒರೆಸಿಕೊಳ್ಳುತ್ತ ಹೇಳಿದಳು. "ಆದ್ರೂ ಒಳ್ಳೆ ಮುಖ ಕಣಮ್ಮ ಅವರದ್ದು. ನಡುವೆ ಕೂತಿರೋನು ಸಿಡುಕ, ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಈ ಮನುಷ್ಯ ನೋಡಿದ್ರು. ಇವರು ನನ್ನ ಕೈ ಬಿಡಲ್ಲ."

ಅವರು ನನ್ನ ಗಂಡ ಎನ್ನಲು ಬಾಯಿ ಬರಲಿಲ್ಲ. ಸ್ಯಾಂಡ್‌ವಿಚ್ ತಿಂದೆ.

ಆಗಬಾರದ್ದು ಆಯಿತು: ಸರ್ ಜಾಸ್ಪರ್ ಕಂಪನಿಯ ಪರ ಬರೆದರು, ಡೇಮ್ ಐಲೀನ್ ಬೆರಿಲ್ ಪರ ಬರೆದರು. ಎರಡೂ ಕರಡುಗಳು ನಮ್ಮ ಊಟದ ಮೇಜಿಗೆ ಬಂದವು. ಇವರು ಒಮ್ಮೆ ಇದನ್ನು ಓದುತ್ತಾರೆ, ಒಮ್ಮೆ ಅದನ್ನು ಓದುತ್ತಾರೆ. ಟೋಸ್ಟು ತಣ್ಣಗಾಗುತ್ತದೆ.

"ಇಬ್ಬರೂ ಎಷ್ಟು ಚೆನ್ನಾಗಿ ಬರೆದಿದಾರೆ ನೋಡು ವಿನಿ!"

"ರೀ, ಅದು ಪ್ರಬಂಧ ಸ್ಪರ್ಧೆ ಅಲ್ಲ. ಒಬ್ಬ ಹೆಂಗಸಿನ ಮನೆ."

"ಗೊತ್ತು ಕಣೇ. ಇನ್ನೂ ಸ್ವಲ್ಪ ದಿನ ನೋಡೋಣ. ಇಬ್ಬರಲ್ಲಿ ಒಬ್ಬರು ಮನಸ್ಸು ಬದಲಾಯಿಸಬಹುದು."

ಯಾರೂ ಬದಲಾಯಿಸಲಿಲ್ಲ. ಎಷ್ಟೋ ವಾರ ಕಾದ ಮೇಲೆ ಇವರು ಪೆನ್ನು ತೆಗೆದು ಬರೆದೇಬಿಟ್ಟರು: 'ನನಗೂ ಒಪ್ಪಿಗೆ.' ಯಾರ ಜೊತೆ ಎಂದು ಬರೆಯಲಿಲ್ಲ. ನಮ್ಮ ನ್ಯಾಯಾಧೀಶರ ನಯವಿನಯ ಎಂಥದ್ದು ಗೊತ್ತೇ? ಸಹೋದ್ಯೋಗಿಯ ಬರಹಕ್ಕೆ ಅರ್ಥ ಕೇಳುವುದೆಂದರೆ ಅವರ ಬೂಟಿನಲ್ಲಿ ತೂತಿದೆ ಎಂದಂತೆ. ಸರ್ ಜಾಸ್ಪರ್ ತಮ್ಮ ಜೊತೆ ಎಂದುಕೊಂಡರು. ಡೇಮ್ ಐಲೀನ್ ತಮ್ಮ ಜೊತೆ ಎಂದುಕೊಂಡರು. ಇಬ್ಬರೂ ಇವರಿಗೆ ಮುಗುಳ್ನಕ್ಕು ಧನ್ಯವಾದ ಹೇಳಿದರಂತೆ.

ತೀರ್ಪಿನ ದಿನ ನಾನು ಬೆರಿಲ್ ಪಕ್ಕದಲ್ಲೇ ಕೂತೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಸರ್ ಜಾಸ್ಪರ್ ಓದಿದರು, ಡೇಮ್ ಐಲೀನ್ ಓದಿದರು, ನಮ್ಮವರು ಗಂಟಲು ಸರಿಮಾಡಿಕೊಂಡು ತಮ್ಮ ಎರಡು ಪದ ಓದಿದರು. ಬೆರಿಲ್ ಪರ ನಿಂತಿದ್ದ ಎಳೆಯ ವಕೀಲೆ ಎದ್ದಳು. ಅವಳಿಗೆ ಇನ್ನೂ ನಯವಿನಯ ಮೈಗೂಡಿರಲಿಲ್ಲ.

"ಕ್ಷಮಿಸಬೇಕು ಮಾನ್ಯರೇ, ಯಾರ ಜೊತೆ ಒಪ್ಪಿಗೆ ಅಂತ ದಯವಿಟ್ಟು ತಿಳಿಸ್ತೀರಾ?"

ನಮ್ಮವರ ಕಿವಿ ಕೆಂಪಾಯಿತು. ಮೊದಲು ಡೇಮ್ ಐಲೀನ್ ಕಡೆ ನೋಡಿದರು. ಆಕೆ ತಮ್ಮ ಕಾಗದ ನೋಡುತ್ತಿದ್ದರು. ಆಮೇಲೆ ಇವರು ಕೆಳಗೆ ನಮ್ಮಿಬ್ಬರ ಕಡೆ ನೋಡಿದರು. ಹೇಳ್ರೀ, ಹೇಳಿಬಿಡ್ರೀ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಸರ್ ಜಾಸ್ಪರ್ ಕುರ್ಚಿ ತಿರುಗಿಸಿ ಇವರ ಮುಖವನ್ನೇ ನೋಡಿದರು.

"ಅಧ್ಯಕ್ಷರ ಜೊತೆ," ಎಂದರು ನಮ್ಮವರು.

ಬೆರಿಲ್ ಅಳಲಿಲ್ಲ. "ಹೋಯ್ತು ಬಿಡಮ್ಮ," ಎಂದಳು ಅಷ್ಟೇ. ನನ್ನ ಕೈ ಮಾತ್ರ ಬಿಡಲಿಲ್ಲ. ಹಾಗೇ ಕಾರಿಡಾರಿನಲ್ಲಿ ನಿಂತಿದ್ದಾಗ ಇವರು ಕೋಟು ಹಾಕಿಕೊಂಡು ಬಂದರು. "ವಿನಿ, ಹೊರಡೋಣವಾ? ಹಸಿವಾಗ್ತಿದೆ." ಬೆರಿಲ್ ಇವರನ್ನು ನೋಡಿದಳು, ನನ್ನನ್ನು ನೋಡಿದಳು, ಕೈ ಬಿಟ್ಟಳು.

ಟ್ಯಾಕ್ಸಿಯಲ್ಲಿ ನನಗೆ ತಡೆಯಲಾಗಲಿಲ್ಲ. "ನಿಜ ಹೇಳಿ. ನಿಮ್ಮ ಮನಸ್ಸಿಗೆ ಯಾರದು ಸರಿ ಅನ್ನಿಸಿತ್ತು?"

ಇವರು ಚಾಲಕನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ಐಲೀನ್ ಬರೆದದ್ದೇ ಸರಿ. ಅದರಲ್ಲಿ ಅನುಮಾನವೇ ಇಲ್ಲ."

"ಮತ್ಯಾಕ್ರೀ ಹಾಗಂದ್ರಿ?"

"ಜಾಸ್ಪರ್ ನನ್ನ ಕಡೆ ನೋಡಿಬಿಟ್ಟರಲ್ಲ, ವಿನಿ."

ಇವರು ದಡ್ಡರು ಎಂದುಕೊಂಡೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೆ. ದಡ್ಡರಾಗಿದ್ದರೆ ಎಷ್ಟೋ ವಾಸಿಯಿತ್ತು.

ಆ ವಾರವೇ ಅರ್ಜಿ ಮತ್ತೆ ಅಡುಗೆಮನೆಗೆ ಬಂತು. ಖಾಲಿ ಜಾಗ ತುಂಬಿತ್ತು. ಇವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "'ಇಬ್ಬರು ಸಹೋದ್ಯೋಗಿಗಳ ನಡುವೆ ಬಿಗಿಯಾದ ಭಿನ್ನಮತ ಉಂಟಾದಾಗ, ತುಂಬಿದ ನ್ಯಾಯಾಲಯದಲ್ಲಿ, ಒಂದೇ ಮಾತಿನಲ್ಲಿ ವಿವಾದವನ್ನು ಬಗೆಹರಿಸಿದೆ.' ಹೇಗಿದೆ? ನಿನಗೂ ಒಪ್ಪಿಗೆ ತಾನೇ?"

ನಾನು ನಾಯಿಗೆ ಊಟ ಹಾಕಲು ಎದ್ದು ಹೋದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ಹುದ್ದೆ ಬಂತು. ಪತ್ರಿಕೆಗಳು 'ಮಿತಭಾಷಿ, ದೃಢಮನಸ್ಸಿನ ನ್ಯಾಯಮೂರ್ತಿ' ಎಂದು ಹೊಗಳಿದವು. ಪ್ರಮಾಣವಚನದ ದಿನ ಹೆಂಡತಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ದೋಣಿ ಖಾಲಿ ಮಾಡಲು ಬೆರಿಲ್‌ಗೆ ಕೊಟ್ಟ ಗಡುವೂ ಅವತ್ತಿಗೇ ಮುಗಿಯುತ್ತಿತ್ತು. ನಾನು ಒಳ್ಳೆಯ ಟೋಪಿ ಇಟ್ಟುಕೊಂಡೇ ಕಾರನ್ನು ಕಾಲುವೆ ಕಡೆ ತಿರುಗಿಸಲು ಡ್ರೈವರಿಗೆ ಹೇಳಿದೆ. ದಡದಲ್ಲಿ ಗಂಟುಮೂಟೆ ಕಟ್ಟುತ್ತಿದ್ದ ಬೆರಿಲ್ ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡಳು. ನಾನು ಅವಳ ಹೂಕುಂಡಗಳನ್ನು ಒಂದೊಂದಾಗಿ ಎತ್ತಿ ಕಾರಿನಲ್ಲಿಡತೊಡಗಿದೆ. ಕೈಗವಸೆಲ್ಲ ಮಣ್ಣಾಯಿತು. ಕುಂಡಗಳೆಲ್ಲ ಮುಗಿಯುವ ಹೊತ್ತಿಗೆ ಅವಳೇ ಕೇಳಿದಳು.

"ಇವತ್ತು ಅಲ್ಲಿರಬೇಕಿತ್ತಲ್ಲ ನೀವು, ಪೇಪರಲ್ಲಿ ಓದಿದೆ. ನಿಮ್ಮೆಜಮಾನರಿಗೆ ಸಿಟ್ಟು ಬರಲ್ವಾ?"

"ಪಕ್ಕದಲ್ಲಿ ಕೂತವರಿಗೆ ಬಂದ್ರೆ ಅವರಿಗೂ ಬರುತ್ತೆ," ಎಂದೆ.

ಬೆರಿಲ್ ನಗಲಿಲ್ಲ. ಒಳಗೆ ಹೋಗಿ ಟೀ ಕೆಟಲ್ ತಂದು ನನ್ನ ಕೈಗಿಟ್ಟಳು. "ಇದನ್ನ ಮಡಿಲಲ್ಲಿ ಇಟ್ಕೊಂಡು ಹುಷಾರಾಗಿ ತನ್ನಿ," ಎಂದಳು. "ಇನ್ನೂ ಬಿಸಿ ಇದೆ."